ಆ ಬರಣಿಯಲ್ಲಿ ಇದ್ದದ್ದು

ಆ ಬರಣಿಯಲ್ಲಿ ಇದ್ದದ್ದು ನನ್ನ ಹೆಂಡತಿಯ ಮೂತ್ರವಲ್ಲ. ನನ್ನದು. ಉಳಿದದ್ದು ನಳದ ನೀರು.

ಇಷ್ಟು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಓದುವವರಿಗೆ ನಗು ಬರಬಹುದು—ಬರಲಿ. ಆ ನಗುವಿಗೆ ಹೆದರಿಯೇ ನಾನು ಅಂದು ಆ ಕೆಲಸ ಮಾಡಿದ್ದು. ಈಗ ನಗಿಸಿಕೊಂಡೇ ಹೇಳುತ್ತೇನೆ.

ನಾನು ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವನು. ವಿಜಾಪುರದ ಕಡೆಯಿಂದ ಮುಂಬಯಿಗೆ ಬಂದು ಮೊದಲು ಬುಟ್ಟಿ ಹೊತ್ತೆ, ಆಮೇಲೆ ಸೆಂಟ್ರಿಂಗ್ ಕಲಿತೆ—ಸ್ಲ್ಯಾಬು ಹಾಕುವ ಮೊದಲು ಕೆಳಗೆ ಕಂಬ ನಿಲ್ಲಿಸಿ ಹಲಗೆ ಕಟ್ಟುವ ಕೆಲಸ—ಕೊನೆಗೆ ಮುಕಾದಮನಾದೆ. ಕೈಕೆಳಗೆ ನಮ್ಮ ಊರ ಕಡೆಯವರದೇ ಒಂದು ತಂಡ. ಚೆಂಬೂರಿನಲ್ಲಿ ಇಂದು ನಿಂತಿರುವ ಎಷ್ಟೋ ಬಿಲ್ಡಿಂಗುಗಳ ಛಾವಣಿ ಮೊದಲು ನಿಂತದ್ದು ನನ್ನ ಹಲಗೆಗಳ ಮೇಲೆ. ನನ್ನ ಒಂದು ಸ್ಲ್ಯಾಬೂ ಬಾಗಿಲ್ಲ. ಇದನ್ನು ಹೇಳದೆ ನನಗೆ ಇರಲಾಗುವುದಿಲ್ಲ—ನೋಡಿ, ಇಂಥ ಮಾತು ಬರೆಯಲು ಕುಳಿತಾಗಲೂ.

ಎಪ್ಪತ್ತರ ಆಸುಪಾಸಿನ ಕಾಲ ಅದು. ಧಾರಾವಿಯಲ್ಲಿ ಒಂದು ಖೋಲಿಯಲ್ಲಿ ನಾನು, ಹೆಂಡತಿ ನೀಲವ್ವ, ಮಗಳು ಕಸ್ತೂರಿ. ಒಂದು ಬೆಳಿಗ್ಗೆ ನಳದಿಂದ ಕೊಡ ಎತ್ತುವಾಗ ನೀಲವ್ವ ಹಾಗೆಯೇ ಬಗ್ಗಿ ಉಳಿದಳು. ಬೆನ್ನಿನಲ್ಲಿ ಏನೋ ಲಟಕ್ಕೆಂದಿತು ಎಂದಳು. ಅಲ್ಲಿಂದ ಶುರುವಾಯಿತು ನಮ್ಮ ತಿರುಗಾಟ. ಗಲ್ಲಿಯ ವೈದ್ಯ ವಾಯು ಎಂದ. ಸಾಯನ್ನಿನ ಡಾಕ್ಟರು ನರ ಎಂದರು. ದೊಡ್ಡ ಸರಕಾರಿ ಆಸ್ಪತ್ರೆಯಲ್ಲಿ ಫೋಟೋ ತೆಗೆದು, ಅದನ್ನು ಬೆಳಕಿಗೆ ಹಿಡಿದು, ತಮ್ಮತಮ್ಮಲ್ಲೇ ಇಂಗ್ಲಿಷಿನಲ್ಲಿ ಮಾತಾಡಿಕೊಂಡು, ‘ಮುಂದಿನ ವಾರ ಬಾ’ ಎಂದರು. ಮುಂದಿನ ವಾರ ಹೋದರೆ ರಕ್ತ ಕೊಡು. ರಕ್ತ ಕೊಟ್ಟು ಹೋದರೆ ಬೇರೆ ಡಾಕ್ಟರು, ಮತ್ತೆ ಮೊದಲಿನಿಂದ ಕಥೆ. ಎದೆಯ ಮೂಳೆಗೆ ಸೂಜಿ ಚುಚ್ಚಿ ಒಳಗಿನ ಮಜ್ಜೆಯನ್ನೂ ತೆಗೆದರು. ಅದರ ರಿಪೋರ್ಟು ಬಂದಾಗ ಹೇಳಿದ್ದು—ಹೌದು ಅನ್ನಲೂ ಬರುವುದಿಲ್ಲ, ಅಲ್ಲ ಅನ್ನಲೂ ಬರುವುದಿಲ್ಲ.

ನನಗೆ ತಲೆ ಕೆಟ್ಟಿತು. ‘ಕಂಬ ನಿಂತೀತೋ ಬಿದ್ದೀತೋ ಗೊತ್ತಿಲ್ಲ, ತಿಂಗಳು ಬಿಟ್ಟು ನೋಡೋಣ’ ಎಂದು ನಾನು ಸೈಟಿನಲ್ಲಿ ಹೇಳಿದರೆ ಇಂಜಿನಿಯರು ನನ್ನನ್ನು ಅಂದೇ ಓಡಿಸುತ್ತಿದ್ದ. ಇವರು ಇಷ್ಟು ಓದಿ, ಬಿಳಿ ಕೋಟು ಹಾಕಿ, ಒಂದು ಬೆನ್ನು ಯಾಕೆ ನೋಯುತ್ತದೆ ಎಂದು ಹೇಳಲಾರರು! ಗಲ್ಲಿಯಲ್ಲಿ ಯಾರು ಸಿಕ್ಕರೂ ಇದನ್ನೇ ಹೇಳುತ್ತಿದ್ದೆ. ಹೇಳಿ ಹೇಳಿ ಅದು ನನ್ನ ಬಾಯಿಪಾಠವಾಯಿತು.

ಆ ಆಸ್ಪತ್ರೆಯಲ್ಲಿ ಒಬ್ಬರೇ ಒಬ್ಬರು ನಮ್ಮೊಡನೆ ಕನ್ನಡದಲ್ಲಿ ಮಾತಾಡಿದವರು—ಮೈಸೂರಿನ ಕಡೆಯ ಒಬ್ಬ ಡಾಕ್ಟರಮ್ಮ. ಇನ್ನೂ ಎಳೆಯ ಪ್ರಾಯ, ದಪ್ಪ ಕನ್ನಡಕ. ನನ್ನನ್ನು ಬೆಂಚಿನ ಮೇಲೆ ಕೂರಿಸಿ, ತಾವೂ ಪಕ್ಕದಲ್ಲಿ ಕುಳಿತು ಹೇಳಿದರು.

“ಯಜಮಾನ್ರೆ, ನಮಗೆ ಎರಡರ ಮೇಲೆ ಅನುಮಾನ. ಒಂದು, ಬೆನ್ನುಮೂಳೆ ಟೀಬಿ. ಇನ್ನೊಂದು ಮಲ್ಟಿಪಲ್ ಮೈಲೋಮ ಅಂತ—ಮೂಳೆ ಒಳಗಿನ ಮಜ್ಜೇಲಿ ಬರೋ ಕ್ಯಾನ್ಸರು. ಎರಡಕ್ಕೂ ಔಷಧಿ ಬೇರೆ ಬೇರೆ. ರಕ್ತದಲ್ಲಿ ಸರಿಯಾಗಿ ಕಾಣ್ತಿಲ್ಲ. ಕೆಲವರಲ್ಲಿ ಅದು ರಕ್ತದಲ್ಲಿ ಕಾಣೋದೇ ಇಲ್ಲ, ಮೂತ್ರದಲ್ಲಿ ಹೊರಗೆ ಹೋಗ್ತಿರತ್ತೆ. ಅಲ್ಲಿ ಸಿಕ್ಕಿಬಿಟ್ರೆ ನಮಗೆ ದಾರಿ ಗೊತ್ತಾಗತ್ತೆ. ಒಂದು ಇಡೀ ದಿನದ ಮೂತ್ರ, ಒಂದು ಹನೀನೂ ಬಿಡದ ಹಾಗೆ, ದೊಡ್ಡ ಗಾಜಿನ ಸೀಸೇಲಿ ತಂದುಕೊಡಿ.”

ಕನ್ನಡದಲ್ಲಿ ಹೇಳಿದರು. ನಿಧಾನವಾಗಿ ಹೇಳಿದರು. ಆದ್ದರಿಂದ ನನಗೆ ತಿಳಿಯಲಿಲ್ಲ ಎಂದು ಹೇಳುವ ದಾರಿ ಇಲ್ಲ.

ಗುಜರಿ ಅಂಗಡಿಯಿಂದ ಒಂದು ಗಾಜಿನ ಬರಣಿ ತಂದೆ. ನೀಲವ್ವ ಅದನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ತೊಳೆದಳು. ನಮ್ಮ ಗಲ್ಲಿಯಲ್ಲಿ ಎಲ್ಲರಿಗೂ ಸೇರಿ ಸಂಡಾಸು, ಅದೂ ಗಲ್ಲಿಯ ಆ ತುದಿಗೆ. ಅಲ್ಲಿಗೆ ಬರಣಿ ಹೊತ್ತುಕೊಂಡು ಹೋಗುವುದು ಹೇಗೆ? ಖೋಲಿಯ ಮೂಲೆಯಲ್ಲಿ ಸೀರೆಯ ಮರೆ ಕಟ್ಟಿದಳು. ಪಕ್ಕದ ಸಖೂ ಮಾವಶಿ ಬಾಗಿಲಲ್ಲಿ ಕಾವಲು ಕುಳಿತಳು. ಕಸ್ತೂರಿಯನ್ನು ಹೊರಗೆ ಆಡಲು ಕಳಿಸಿದರು. ಬೆನ್ನು ಮುರಿದಂತಿದ್ದ ಹೆಂಗಸು ಪ್ರತಿ ಸಲವೂ ಗೋಡೆ ಹಿಡಿದು ಕೂರಬೇಕು, ಗೋಡೆ ಹಿಡಿದು ಏಳಬೇಕು. ಸೀರೆಯ ಸೆರಗನ್ನು ಬಾಯಲ್ಲಿ ಕಚ್ಚಿಕೊಂಡು ಏಳುತ್ತಿದ್ದಳು, ಹೊರಗೆ ದನಿ ಕೇಳಬಾರದು ಎಂದು. ನಾನು ಹೊಸ್ತಿಲ ಆಚೆ ಕುಳಿತು ಸಿಡಿಮಿಡಿಗುಟ್ಟುತ್ತಿದ್ದೆ—ಇದೆಂಥ ಪರೀಕ್ಷೆ, ಇವರಿಗೆ ಬೇರೆ ಕೆಲಸವಿಲ್ಲ.

ಅವಳು ಮಾತ್ರ ನಗುತ್ತಿದ್ದಳು. “ಹಿಂಡೂ ಆಕಳ ಮುಂದ ಕುಂತಂಗ ಕುಂತೀರಲ್ರಿ! ಹೋಗ್ರಿ, ಚಾ ಕುಡದ ಬರ್ರಿ. ನಾ ಏನ್ ಒದ್ಯಾಂಗಿಲ್ಲ.”

ಮರುದಿನ ಬೆಳಿಗ್ಗೆ ಬರಣಿಯ ಬಾಯಿಗೆ ತನ್ನ ಹಳೆಯ ಸೀರೆಯ ತುಂಡು ಸುತ್ತಿ, ಮುಚ್ಚಳ ಬಿಗಿದು, ಚೀಲದಲ್ಲಿಟ್ಟು ನನ್ನ ಕೈಗೆ ಕೊಟ್ಟಳು. ನಗು ಇರಲಿಲ್ಲ.

“ಚೆಲ್ಲಬ್ಯಾಡ್ರಿ. ಇನ್ನೊಮ್ಮೆ ನನ್ನ ಕಡಿಂದ ಆಗಂಗಿಲ್ಲ.”

ಧಾರಾವಿಯಿಂದ ಸಾಯನ್ ಸ್ಟೇಶನ್ನಿಗೆ ನಡೆದೇ ಹೋದೆ. ದಾರೂಬಂದಿ—ಕುಡಿತದ ನಿಷೇಧ—ಇನ್ನೂ ಹೆಸರಿಗಾದರೂ ಇದ್ದ ಕಾಲ. ಧಾರಾವಿಯ ಕಳ್ಳಭಟ್ಟಿ ಮಾತ್ರ ಊರಿಗೆಲ್ಲ ಗೊತ್ತು. ಅಲ್ಲಿಂದ ಚೀಲ ಹಿಡಿದು ಹುಷಾರಾಗಿ ನಡೆಯುವವನೆಂದರೆ ಪೋಲೀಸರ ಕಣ್ಣಿಗೆ ಒಂದೇ ಅರ್ಥ. ನಾನಂತೂ ತುಂಬಿದ ಕೊಡ ಹೊತ್ತ ಹೊಸ ಮದುಮಗಳಂತೆ ನಡೆಯುತ್ತಿದ್ದೆ. ಪ್ಲಾಟ್‌ಫಾರ್ಮಿನ ಮೇಲೆ ನೀಲಿ ಚಡ್ಡಿಯ ಹವಾಲ್ದಾರ ಲಾಠಿ ಅಡ್ಡ ಹಿಡಿದ.

“ಏ ಮದ್ರಾಸಿ, ಥಾಂಬ್! ಪಿಶವೀತ್ ಕಾಯ್ ಹಾಯ್?”

ಚೀಲದಲ್ಲಿ ಏನು ಎಂದು ಕೇಳಿದ. ದವಾಖಾನೆಯದು, ಔಷಧಿಯ ವಿಷಯ ಎಂದೆ. ಅಷ್ಟರಲ್ಲಿ ಜನ ಸೇರಿತು. ಸಾಯನ್ನಿನಲ್ಲಿ ಜನ ಸೇರಲು ಕಾರಣ ಬೇಕೇ? ಅವನು ತಾನೇ ಬರಣಿ ತೆಗೆದು, ಸೀರೆಯ ತುಂಡು ಬಿಚ್ಚಿ, ಮುಚ್ಚಳ ಎತ್ತಿ ಮೂಸಿ, ಮುಖವನ್ನು ಹಿಂದಕ್ಕೆಳೆದುಕೊಂಡ. “ಅರೇ, ಮೂತ್ ಹೈ! ಕಿಸ್ಕಾ ರೇ?”

ಯಾರದು?

ಎಲ್ಲರೂ ನಕ್ಕರು. ಕಣ್ಣೆತ್ತಿ ನೋಡುತ್ತೇನೆ—ನಗುವವರ ಹಿಂದೆಯೇ ನನ್ನ ತಂಡದ ಯಮನಪ್ಪ, ಅವನ ಜೊತೆ ಇನ್ನಿಬ್ಬರು. ಕುರ್ಲಾದಲ್ಲಿ ಗಾಡಿ ಬದಲಿಸಿ ಚೆಂಬೂರಿನ ಸೈಟಿಗೆ ಹೊರಟವರು. ಮರುದಿನ ನಮ್ಮ ದೊಡ್ಡ ಸ್ಲ್ಯಾಬು ಇತ್ತು. ಯಮನಪ್ಪನ ಬಾಯಿ ಎಂಥದೆಂದು ನನಗೆ ಗೊತ್ತು. ಒಂದು ಮಾತು ಸಿಕ್ಕರೆ ಅದನ್ನು ವಿಜಾಪುರದವರೆಗೆ ಮುಟ್ಟಿಸುವವನು. ‘ನನ್ನ ಹೆಂಡತಿಯದು’ ಎಂಬ ಎರಡು ಶಬ್ದ ಅವನ ಕಿವಿಗೆ ಬಿದ್ದರೆ ಮುಗಿಯಿತು.

ಯಮನಪ್ಪನೇ ಮುಂದೆ ಬಂದ. ಅವನಿಗೆ ಕೆಟ್ಟ ಬುದ್ಧಿ ಇರಲಿಲ್ಲ—ನನ್ನ ಮಾನ ಉಳಿಸಲೆಂದೇ ಬಂದ.

“ಸಾಬ್, ಗೋಮೂತ್ರ ಹೈ, ಪೂಜಾ ಕಾ!” ಎಂದು ಹವಾಲ್ದಾರನಿಗೆ ಹೇಳಿ, ನನ್ನ ಕಡೆ ತಿರುಗಿದ. “ನಾಳಿ ಸ್ಲ್ಯಾಬಿನ ಪೂಜಾಕ್ಕ ಅಲ್ರೀ ಮುಕಾದಮ್ರ? ನಮ್ಮ ಮುಕಾದಮ್ರಂದ್ರ ಹಂಗ ನೋಡ್ರಪಾ! ಮಂದಿ ಒಂದ್ ಬಟ್ಟಲಾ ತರ್ತಾರ, ಇವ್ರು ಬರಣೀನ ತುಂಬಿಸ್ಯಾರ!”

“ಖರಂ ಕಾ ರೇ?” ನಿಜವೇನೋ ಎಂದು ಹವಾಲ್ದಾರ ನನ್ನನ್ನು ಕೇಳಿದ.

“ಹೂಂ” ಎಂದೆ.

ಒಂದೇ ಅಕ್ಷರ. ಅದನ್ನು ಹೇಳಲು ಬಾಯಿ ತೆರೆಯುವ ಕೆಲಸವೂ ಇಲ್ಲ.

ಮುಂದೆ ಆದದ್ದನ್ನು ನಾನು ಎಣಿಸಿರಲಿಲ್ಲ. ಹವಾಲ್ದಾರನ ಮುಖ ಬದಲಾಯಿತು. ತಲೆಯ ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟುಕೊಂಡ. ಬರಣಿಯನ್ನು ಎರಡೂ ಕೈಯಲ್ಲಿ ನನಗೆ ಮರಳಿ ಕೊಟ್ಟು, ತೀರ್ಥಕ್ಕೆಂಬಂತೆ ಬೊಗಸೆ ಒಡ್ಡಿದ—ಸ್ವಲ್ಪ ಹಾಕು, ತಲೆಗೆ ಪ್ರೋಕ್ಷಿಸಿಕೊಳ್ಳುತ್ತೇನೆ. ಪಕ್ಕದಲ್ಲಿ ಕೊತ್ತಂಬರಿ ಬುಟ್ಟಿಯ ಒಬ್ಬ ಮುದುಕಿಯೂ ಕೈ ಚಾಚಿದಳು. “ಮಲಾ ಪಣ್ ದೇ ರೇ ಬಾಬಾ.”

ಬರಣಿ ನನ್ನ ಕೈಯಿಂದ ಬಿತ್ತು.

ಜಾರಿತು ಎಂದು ಎಲ್ಲರೂ ತಿಳಿದರು. ಜಾರಲಿಲ್ಲ. ಬಿಟ್ಟೆ. ಅವರನ್ನು ಪಾಪದಿಂದ ಉಳಿಸಲು ಬಿಟ್ಟೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ—ಅದೂ ಸುಳ್ಳು. ‘ಹಾಗಲ್ಲ ಸಾಹೇಬ, ಇದು ನನ್ನ ಹೆಂಡತಿಯದು, ಅವಳಿಗೆ ಕಾಯಿಲೆ’ ಎಂದಿದ್ದರೆ ಪಾಪವೂ ಬರುತ್ತಿರಲಿಲ್ಲ, ಬರಣಿಯೂ ಒಡೆಯುತ್ತಿರಲಿಲ್ಲ. ಆ ಮುದುಕಿ ಬಗ್ಗಿ, ಗಾಜಿನ ಚೂರುಗಳ ನಡುವೆ ಹರಿಯುತ್ತಿದ್ದುದಕ್ಕೆ ಬೆರಳು ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡಳು. ನೀಲವ್ವ ಸೆರಗು ಕಚ್ಚಿಕೊಂಡು ಕೂಡಿಸಿದ್ದು. ಗುರುತಿಲ್ಲದ ಮುದುಕಿ ಅದನ್ನು ಕಣ್ಣಿಗೆ ಒತ್ತಿಕೊಂಡಳು, ನಾನು ಅದರ ಒಡತಿಯ ಹೆಸರು ಹೇಳಲಿಲ್ಲ.

ಯಮನಪ್ಪ, ಅವನ ಜೊತೆಯವರು ಗಾಡಿ ಹತ್ತಿ ಹೋದರು. ನಾನು ತಿರುಗಿ ಧಾರಾವಿಗೆ ಬಂದೆ. ಆಗಲೂ ಹೊತ್ತು ಮೀರಿರಲಿಲ್ಲ. ಗುಜರಿ ಅಂಗಡಿಯಿಂದ ಇನ್ನೊಂದು ಬರಣಿ ಕೊಂಡೆ. ಅಲ್ಲಿಂದ ಮನೆಗೆ ಹೋಗುವ ಹಾದಿ ನಮ್ಮ ಗಲ್ಲಿಯ ಮೂಲೆಯಿಂದಲೇ. ಮೂಲೆಯಲ್ಲಿ ನಿಂತು ನೋಡಿದೆ: ನಮ್ಮ ಬಾಗಿಲು ತೆರೆದಿತ್ತು, ನೀಲವ್ವ ಗೋಡೆಗೆ ಒರಗಿ ಕುಳಿತು ಕಸ್ತೂರಿಯ ಜಡೆ ಹೆಣೆಯುತ್ತಿದ್ದಳು. ಹೋಗಿ ‘ಚೆಲ್ಲಿಬಿಟ್ಟೆ’ ಎನ್ನಬೇಕು. ಅವಳು ಮತ್ತೊಂದು ದಿನ ಆ ಮರೆಯಲ್ಲಿ ಕೂರಬೇಕು. ನಾನು ಮತ್ತೆ ಅದೇ ಸ್ಟೇಶನ್ನಿನಿಂದ ಅದನ್ನು ಒಯ್ಯಬೇಕು, ಸ್ಲ್ಯಾಬಿನ ದಿನ ಸೈಟಿಗೆ ಇನ್ನೊಬ್ಬ ಮುಕಾದಮ ಬರಬೇಕು...

ಅವಳಿಗೆ ನೋವಾಗಬಾರದೆಂದು ಹಾಗೆ ಮಾಡಿದೆ ಎಂದು ಬರೆದರೆ ನೀವು ನಂಬುತ್ತೀರಿ. ನಾನು ನಂಬುವುದಿಲ್ಲ. ಸ್ಲ್ಯಾಬು ನನ್ನದಾಗಬೇಕಿತ್ತು, ಅಷ್ಟೇ. ಜೊತೆಗೆ ಒಂದು ಮೂರ್ಖ ತರ್ಕ—ಒಂದೇ ಗಡಿಗೆಯಲ್ಲಿ ಬೇಯಿಸಿ ಉಣ್ಣುವವರು, ಒಂದೇ ನಳದ ನೀರು ಕುಡಿಯುವವರು, ಗಂಡನದೇನು ಹೆಂಡತಿಯದೇನು, ಒಳಗಿನಿಂದ ಬರುವುದು ಒಂದೇ ಅಲ್ಲವೇ? ಹೇಗಿದ್ದರೂ ಈ ಡಾಕ್ಟರುಗಳು ‘ಗೊತ್ತಿಲ್ಲ’ ಎನ್ನುವವರೇ.

ಗಲ್ಲಿಯ ತುದಿಯ ಸಂಡಾಸಿಗೆ ಹೋದೆ. ನನ್ನದು ಬರಣಿಯ ತಳ ಮುಚ್ಚುವಷ್ಟೂ ಆಗಲಿಲ್ಲ. ಉಳಿದದ್ದಕ್ಕೆ ನಳ ಇತ್ತು.

ಆಸ್ಪತ್ರೆಯಲ್ಲಿ ಆ ಡಾಕ್ಟರಮ್ಮ ಬರಣಿಯನ್ನು ಬೆಳಕಿಗೆ ಹಿಡಿದು ನೋಡಿದರು. “ಬಹಳ ತಿಳಿಯಾಗಿದೆಯಲ್ಲ? ಇಡೀ ದಿನದ್ದೇ ತಾನೆ, ಯಜಮಾನ್ರೆ? ಒಂದು ಸಲದ್ದೂ ಬಿಟ್ಟಿಲ್ಲ?”

“ಹೂಂ” ಎಂದೆ.

ರಿಪೋರ್ಟು ಬಂತು. ಮೂತ್ರದಲ್ಲಿ ಏನೂ ಇಲ್ಲ. ಡಾಕ್ಟರಮ್ಮ ಇನ್ನೂ ಅನುಮಾನಿಸುತ್ತಿದ್ದರು. ನನ್ನೆದುರೇ ದೊಡ್ಡ ಡಾಕ್ಟರ ಹತ್ತಿರ ಏನೋ ವಾದ ಮಾಡಿದರು. ದೊಡ್ಡ ಡಾಕ್ಟರು ಒಪ್ಪದೆ, ಟೀಬಿಯೆಂದೇ ಔಷಧಿ ಶುರುಮಾಡೋಣ ಎಂದರು. ಮೂತ್ರ ಶುದ್ಧವಾಗಿದೆಯಲ್ಲ ಎಂಬುದೇ ಅವರ ದೊಡ್ಡ ಮಾತು ಎಂದು ಡಾಕ್ಟರಮ್ಮ ಆಮೇಲೆ ನನಗೆ ಹೇಳಿದರು. ಆಗ ನಾನು ಏನು ಮಾಡಬೇಕಿತ್ತು? ಬಾಯಿ ಬಿಡಬೇಕಿತ್ತು. ಬಿಟ್ಟೆ—ಬೈಯಲು. “ಏನ್ ಬಾಯಾರ, ಇಷ್ಟ ದಿನಾ ಅಲದಾಡಿಸಿ, ಕ್ಯಾನ್ಸರ್ ಅಂತ ಹೆದರಿಸಿ, ಈಗ ಟೀಬಿ ಅಂತೀರಿ? ನೀವು ಕಲತಿದ್ದರ ಏನು?” ವಾರ್ಡೆಲ್ಲ ತಿರುಗಿ ನೋಡಿತು. ನನ್ನ ಗಲ್ಲಿಗೆ ಬಂದು, ಹೇಗೆ ಝಾಡಿಸಿದೆ ಎಂದು ಎಲ್ಲರಿಗೂ ಹೇಳಿದೆ.

ದಿನಾ ಇಂಜೆಕ್ಷನ್. ಸಾಯನ್ನಿನ ದವಾಖಾನೆಗೆ ನೀಲವ್ವ ಸಖೂ ಮಾವಶಿಯ ಭುಜ ಹಿಡಿದು ಹೋಗಿ ಚುಚ್ಚಿಸಿಕೊಂಡು ಬರುತ್ತಿದ್ದಳು. ಕೆಲವು ವಾರಕ್ಕೆ ಹೇಳಿದಳು, “ಕಿವ್ಯಾಗ ಗಿರಣಿ ಭೋಂಗಾ ಊದಿದಂಗ ಆಗಾಕತ್ತೈತ್ರಿ. ಬಂದ ಆಗವಲ್ದು.” ನಾನಂದೆ, “ಔಷಧ ಅಂದ್ರ ಹಂಗ ಇರ್ತೈತಿ. ತಡಕೊ.” ತಡೆದುಕೊಂಡಳು. ನಡೆಯುವಾಗ ವಾಲತೊಡಗಿದಳು. ಆಮೇಲೆ ಒಂದು ದಿನ ಕಸ್ತೂರಿ ಹಿಂದಿನಿಂದ ಕೂಗಿ ಕೂಗಿ, ಕೊನೆಗೆ ಅವಳ ಸೆರಗು ಜಗ್ಗಿದಾಗ ನಮಗೆ ತಿಳಿಯಿತು. ನಮ್ಮ ಖೋಲಿಯ ಗೋಡೆ ತಗಡಿನದು. ಆಚೆ ಮನೆಯವರು ಸಾರಿಗೆ ಒಗ್ಗರಣೆ ಹಾಕಿದ್ದೂ ಕೇಳುತ್ತದೆ. ಆ ಮನೆಯಲ್ಲಿ ಅವಳೊಬ್ಬಳಿಗೆ ಏನೂ ಕೇಳುತ್ತಿರಲಿಲ್ಲ.

ಬೆನ್ನು ಮಾತ್ರ ನೋಯುತ್ತಲೇ ಇತ್ತು.

ವರ್ಷ ತುಂಬುವ ಹೊತ್ತಿಗೆ ಕಾಲು ಊದಿ, ವಾಂತಿಯಾಗಿ, ವಾರ್ಡಿಗೆ ಸೇರಿಸಿದೆವು. ಅಲ್ಲಿ ನರ್ಸೇ ಇಡೀ ದಿನದ ಮೂತ್ರ ಹಿಡಿದಿಟ್ಟಳು. ಅದರಲ್ಲಿ ಸಿಕ್ಕಿತು. ಡಾಕ್ಟರಮ್ಮ ನನ್ನನ್ನು ಅದೇ ಬೆಂಚಿನ ಮೇಲೆ ಕೂರಿಸಿದರು.

“ಮೈಲೋಮಾನೇ. ಅವತ್ತು ಮೂತ್ರದಲ್ಲಿ ಇರಲಿಲ್ಲ, ಈಗ ಬಂದಿದೆ. ಮೂತ್ರಪಿಂಡ ಸೋತಿದೆ. ಅದು ಮೊದಲೇ ಸೋಲ್ತಾ ಇದ್ದಿರಬೇಕು, ಅದಕ್ಕೇ ಆ ಇಂಜೆಕ್ಷನ್ ಒಳಗೇ ಉಳಿದು ಕಿವಿ ಹೊಡೆದಿದೆ. ಗೊತ್ತಿದ್ದಿದ್ರೆ ಅದನ್ನ ಕೊಡ್ತಾನೇ ಇರಲಿಲ್ಲ.” ಕನ್ನಡಕ ತೆಗೆದು ಸೀರೆಯ ಅಂಚಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು. “ನಾನು ಇನ್ನೊಂದು ಸಲ ಮೂತ್ರ ತರಿಸಬೇಕಾಗಿತ್ತು. ನನಗೆ ಅನ್ನಿಸಿತ್ತು, ಆದ್ರೂ ಸುಮ್ಮನಾದೆ. ತಪ್ಪು ನನ್ನದು, ಯಜಮಾನ್ರೆ.”

ಸುಮ್ಮನಿದ್ದಿದ್ದರೆ ನಾನು ಹೇಡಿ ಮಾತ್ರ ಆಗುತ್ತಿದ್ದೆ. ಸುಮ್ಮನಿರಲಿಲ್ಲ.

“ಹೌದ್ರಿ” ಎಂದೆ. “ನಿಮ್ಮದ ತಪ್ಪು.”

ಅವರು ತಲೆ ತಗ್ಗಿಸಿ ಎದ್ದು ಹೋದರು. ಸ್ವಲ್ಪ ದಿನಕ್ಕೆ ಅವರು ಆ ಆಸ್ಪತ್ರೆ ಬಿಟ್ಟರು ಎಂದು ಕೇಳಿದೆ. ಯಾಕೆ, ಎಲ್ಲಿಗೆ—ಕೇಳುವ ಮುಖ ನನಗಿರಲಿಲ್ಲ. ಎಲ್ಲಿದ್ದಾರೋ. ಇನ್ನೂ ಆ ಬರಣಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾರೋ ಏನೋ.

ಮೈಲೋಮದ ಗುಳಿಗೆ ಶುರುವಾದವು. ಬೆನ್ನು ಕೊಂಚ ಹಗುರಾಯಿತು, ನೀಲವ್ವ ಎದ್ದು ರೊಟ್ಟಿ ಬಡಿದ ದಿನಗಳೂ ಇದ್ದವು. ಮೊದಲೇ ಕೊಟ್ಟಿದ್ದರೆ ಎಷ್ಟು ಬದುಕುತ್ತಿದ್ದಳು? ಒಬ್ಬ ಡಾಕ್ಟರನ್ನು ಕೇಳಿದೆ. ಹೇಳಲು ಬರುವುದಿಲ್ಲ ಎಂದರು. ಅಂದು ಆ ಮಾತಿಗೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರುತ್ತಿದ್ದದ್ದು ಬೇರೆಯವರ ಮೇಲೆ—‘ಮುಕಾದಮ್ರ, ಹೇಣ್ತಿ ಸಲುವಾಗಿ ಎಷ್ಟ ಅಲದ್ರಿ, ಇಂಥಾ ಗಂಡ ಎಲ್ಲಿ ಸಿಗಬೇಕು’ ಎನ್ನುವವರ ಮೇಲೆ. ಅವರ ಬಾಯಿಗೆ ಹಲಗೆ ಬಡಿದು ಮೊಳೆ ಹೊಡೆಯಬೇಕೆನಿಸುತ್ತಿತ್ತು. ಈಗಲೂ ಅನಿಸುತ್ತದೆ.

ಒಂದು ಮಧ್ಯಾಹ್ನ ಅವಳು ಬಾಗಿಲ ಕಡೆ ಮುಖ ಮಾಡಿ ಅಕ್ಕಿ ಆರಿಸುತ್ತಿದ್ದಳು. ನಾನು ಅವಳ ಬೆನ್ನ ಹಿಂದೆ ಕುಳಿತಿದ್ದೆ. ಎಲ್ಲ ಹೇಳಿದೆ. ಸ್ಟೇಶನ್, ಹವಾಲ್ದಾರ, ಮುದುಕಿ, ಗಲ್ಲಿಯ ಮೂಲೆ, ನಳ—ಏನೂ ಬಿಡದೆ, ಮಾಮೂಲು ದನಿಯಲ್ಲಿ. ತಗಡಿನ ಗೋಡೆಯಾಚೆ ಯಾರಿಗಾದರೂ ಕೇಳಿದ್ದರೂ ಕೇಳಿರಬಹುದು. ಅವಳಿಗೆ ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಹೇಳಿದೆ.

ಗಾಳಿಯೋ ನೆರಳೋ ಏನು ತಾಗಿತೋ, ಮುಗಿಯುವ ಹೊತ್ತಿಗೆ ಅವಳು ಮೊರ ಕೆಳಗಿಟ್ಟು ಹೊರಳಿದಳು. “ಏನರೆ ಅಂದ್ರೇನ್ರಿ? ಜೋರಾಗಿ ಅನ್ರಲ್ಲ.”

ನಾನು ಏನೂ ಇಲ್ಲವೆಂದು ಕೈಯಾಡಿಸಿದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಮತ್ತೆ ಮೊರ ಎತ್ತಿಕೊಂಡಳು. ಆ ವರ್ಷ ದಾಟಲಿಲ್ಲ.

ಕಸ್ತೂರಿ ಈಗ ಚೆಂಬೂರಿನಲ್ಲಿದ್ದಾಳೆ, ಎರಡು ಮಕ್ಕಳ ತಾಯಿ. ಮಕ್ಕಳಿಗೆ ಜ್ವರ ಬಂದರೂ ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿಯುತ್ತಾಳೆ. “ಆ ಕನ್ನಡಕದ ಡಾಕ್ಟರೀಣ ನಮ್ಮ ಅವ್ವನ ಕಿವಿ ತಿಂದ್ಲು, ಜೀವಾನೂ ತಿಂದ್ಲು” ಎಂದು ಈಗಲೂ ಶಪಿಸುತ್ತಾಳೆ. ಆ ಶಾಪವನ್ನು ಅವಳಿಗೆ ಕಲಿಸಿದವನು ನಾನು. ಕೇಳುತ್ತ ಕುಳಿತು ಅವಳು ಕೊಟ್ಟ ಚಹಾ ಕುಡಿದವನೂ ನಾನೇ.

ಅವಳಿಗಾಗಿ ಇದನ್ನು ಬರೆದೆ ಎಂದುಕೊಂಡಿದ್ದೆ. ಅರ್ಧ ಬರೆದ ಮೇಲೆ ಹೊಳೆಯಿತು—ಕಸ್ತೂರಿ ಮರಾಠಿ ಶಾಲೆಯಲ್ಲಿ ಕಲಿತವಳು. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಕೇಳದವಳ ಬೆನ್ನ ಹಿಂದೆ ಹೇಳಿದೆ, ಈಗ ಓದಲಾರದವಳಿಗೆ ಬರೆಯುತ್ತಿದ್ದೇನೆ. ಅದೇ ಕೈ, ಅದೇ ಕೆಲಸ.

ಬರುವ ರವಿವಾರ ಚೆಂಬೂರಿಗೆ ಹೋಗುತ್ತೇನೆ. ಅವಳನ್ನು ಎದುರಿಗೆ ಕೂರಿಸಿಕೊಂಡು, ಅವಳ ಗಂಡ ಮಕ್ಕಳ ಮುಂದೆಯೇ, ಮೊದಲ ಸಾಲಿನಿಂದ ಇದನ್ನು ಓದುತ್ತೇನೆ. ಜೋರಾಗಿ ಓದುತ್ತೇನೆ.